ಅಮ್ಮನ ಪಿಎಫ್ ಪೆನ್ಷನ್: 10 ವರ್ಷಕ್ಕೆ ಸ್ವಲ್ಪ ಕಮ್ಮಿ ಇದೆ, ತೆಗೆದುಬಿಡೋದಾ ಇಟ್ಕೊಳ್ಳೋದಾ?

ಬೀದಿದೀಪ:

ಪಿಎಫ್ ವಿಷ್ಯ ಗೊತ್ತಿರೋರು ಯಾರಾದ್ರೂ ಇದ್ರೆ ಸ್ವಲ್ಪ ಹೇಳಿ, ಮನೇಲಿ ಇದೇ ರಾಮಾಯಣ ಆಗಿಬಿಟ್ಟಿದೆ.

ಅಮ್ಮ ಗಾರ್ಮೆಂಟ್ಸಲ್ಲಿ ಟೈಲರ್, ಈಗ 51. ಮೂರು ಫ್ಯಾಕ್ಟ್ರಿ ಆಗಿದೆ. ಮೊದಲನೇದು 2008ರಿಂದ 2013, ಅದು ಬಿಟ್ಟಾಗ ಅಕ್ಕನ ಮದುವೆ ಇತ್ತು ಅಂತ ಪಿಎಫ್ಫೂ ಪೆನ್ಷನ್ನೂ ಎರಡೂ ತೆಗೆಸಿಬಿಟ್ರು, ಅದು ಮುಗಿದ ಕಥೆ. ಎರಡನೇದು 2014 ನವೆಂಬರಿಂದ 2020 ಜನವರಿ ತನಕ, ಆ ಫ್ಯಾಕ್ಟ್ರಿ ಮುಚ್ಚೇ ಹೋಯ್ತು, ಅಲ್ಲಿನ ದುಡ್ಡು ಹಂಗೇ ಇದೆ. ಆಮೇಲೆ ಕೊರೊನಾ ಬಂತು, ಮನೇಲೇ ಬ್ಲೌಸ್ ಹೊಲ್ಕೊಂಡಿದ್ರು, 2021 ಆಗಸ್ಟಲ್ಲಿ ಈಗಿರೋ ಕಡೆ ಸೇರಿದ್ರು. ಸೇರುವಾಗ ಹಳೇ ನಂಬರ್ ಅವರೂ ಕೇಳ್ಲಿಲ್ಲ ಇವರೂ ಹೇಳ್ಲಿಲ್ಲ, ಹೊಸ ಯುಎಎನ್ (ಪಿಎಫ್ ಸದಸ್ಯರ ನಂಬರ್) ಮಾಡಿಬಿಟ್ಟಿದ್ದಾರೆ. ಸಂಬಳ ಬೇಸಿಕ್ ಡಿಎ ಸೇರಿ ಈಗ 13 ಸಾವಿರದ ಹತ್ರ.

ಈಗ ಏನಾಗಿದೆ ಅಂದ್ರೆ ಗೇಟ್ ಹತ್ರ ಪಿಎಫ್ ಮಾಡಿಸ್ಕೊಡೋ ಏಜೆಂಟ್ ಒಬ್ಬ ಕೂತ್ಕೋತಾನೆ, ಅವನು ಹೇಳೋದು ಒಂದೇ ಕಂಪ್ನೀಲಿ 10 ವರ್ಷ ಆದ್ರೆ ಮಾತ್ರ ಪೆನ್ಷನ್ನು, ನಿಮ್ಗೆ ಎಲ್ಲೂ ಆಗಿಲ್ಲ, ಸುಮ್ನೆ ರಿಸೈನ್ ಮಾಡಿ ಎರಡು ಖಾತೆಯಿಂದಲೂ ಪೆನ್ಷನ್ ದುಡ್ಡು ತೆಗೆಸಿಕೊಡ್ತೀನಿ, ತೊಂಬತ್ತು ಸಾವಿರದ ಆಸುಪಾಸು ಬರುತ್ತೆ, ನಂಗೆ ಹತ್ತು ಪರ್ಸೆಂಟ್ ಕೊಡಿ ಅಂತ. ಟ್ರಾನ್ಸ್‌ಫರ್ ಮಾತ್ರ ಮಾಡ್ಬೇಡಿ, ಮಾಡಿದ್ರೆ ಪೆನ್ಷನ್ ದುಡ್ಡು ಝೀರೋ ಆಗಿಬಿಡುತ್ತೆ ಅಂತ ಬೇರೆ ಹೆದರಿಸಿದ್ದಾನೆ. ಅಮ್ಮನ ಜೊತೆ ಕೆಲಸ ಮಾಡೋರೊಬ್ಬರು ಟ್ರಾನ್ಸ್‌ಫರ್ ಮಾಡಿಸಿದ್ರಂತೆ, ಮೊಬೈಲಲ್ಲಿ ಪಾಸ್‌ಬುಕ್ ತೋರಿಸಿದ್ರು, ನಿಜವಾಗ್ಲೂ ಪೆನ್ಷನ್ ಕಾಲಮ್ಮಲ್ಲಿ 0 ಇದೆ!! ಅದನ್ನ ನೋಡಿ ಅಮ್ಮ ಫುಲ್ ಗಾಬರಿ.

ಅಪ್ಪ ತೆಗೆದುಬಿಡು ಅಂತಾರೆ. ನಂಗೆ ಬೇಡ ಅನ್ಸುತ್ತೆ ಆದ್ರೆ ಯಾಕೆ ಬೇಡ ಅಂತ ವಾದ ಮಾಡೋಕೆ ನಂಗೇ ಏನೂ ಗೊತ್ತಿಲ್ಲ. ಇಟ್ಕೊಂಡ್ರೆ ನಿಜವಾಗ್ಲೂ ಎಷ್ಟು ಬರುತ್ತೆ?

ಪೇಸ್ಲಿಪ್ ಪುಟ್ಟ:

ನಾನು ಪೇರೋಲ್ ಕೆಲಸ ಮಾಡೋನು, ದಿನಾ ಇದೇ. ಮೊದಲು ಒಂದು ಮಾತು, ನಿಮ್ಮಮ್ಮನ ಕೈಲಿ ರಿಸೈನ್ ಲೆಟರ್ ಬರೆಸ್ಬೇಡಿ, ಈ ತಿಂಗಳಂತೂ ಬೇಡ.

10 ವರ್ಷ ಒಂದೇ ಕಂಪ್ನೀಲಿ ಆಗ್ಬೇಕು ಅನ್ನೋದು ಶುದ್ಧ ಸುಳ್ಳು. ಎಷ್ಟು ಕಂಪ್ನಿ ಬದಲಾಯಿಸಿದ್ರೂ ಪೆನ್ಷನ್ ಕಂತು ಬಿದ್ದಿರೋ ಸರ್ವೀಸ್ ಎಲ್ಲಾ ಕೂಡುತ್ತೆ, ಮಧ್ಯದಲ್ಲಿ ಗ್ಯಾಪ್ ಇದ್ರೂ ಪರವಾಗಿಲ್ಲ, ಒಂದೇ ಕಂಡೀಷನ್ ಅಂದ್ರೆ ಆ ಸರ್ವೀಸಿನ ಪೆನ್ಷನ್ ದುಡ್ಡು ತೆಗೆದಿರಬಾರದು. ಹಂಗಾಗಿ 2008ರಿಂದ 2013ರದ್ದು ಹೋಯ್ತು, ಅದು ವಾಪಸ್ ಬರಲ್ಲ. ಮಿಕ್ಕಿದ್ದು ನೀವೇ ಕೂಡಿ ನೋಡಿ. 2014 ನವೆಂಬರಿಂದ 2020 ಜನವರಿ 5 ವರ್ಷ 3 ತಿಂಗಳು, 2021 ಆಗಸ್ಟಿಂದ 2025 ಡಿಸೆಂಬರ್ ತನಕ ಹಿಡಿದ್ರೂ 4 ವರ್ಷ 5 ತಿಂಗಳು. ಒಟ್ಟು 9 ವರ್ಷ 8 ತಿಂಗಳು. ಇಪಿಎಸ್, ಅಂದ್ರೆ ಪಿಎಫ್ ಜೊತೆ ಬರೋ ಈ ಪೆನ್ಷನ್ ಸ್ಕೀಮಿನ ರೂಲಲ್ಲಿ 6 ತಿಂಗಳು ಅಥವಾ ಅದಕ್ಕಿಂತ ಜಾಸ್ತಿ ಇದ್ರೆ ಪೂರ್ತಿ ವರ್ಷ ಅಂತ ಲೆಕ್ಕ. ಅಂದ್ರೆ ಕಾಗದದ ಮೇಲೆ ನಿಮ್ಮಮ್ಮಂಗೆ ಆಗ್ಲೇ 10 ಆಗಿದೆ ಗುರು!

10 ಆದ್ಮೇಲೆ ಪೆನ್ಷನ್ ದುಡ್ಡನ್ನ ಇಡಿಯಾಗಿ ತೆಗೆಯೋ ದಾರೀನೇ ಇಲ್ಲ, ತಿಂಗಳ ಪೆನ್ಷನ್ ಒಂದೇ. ಈಗ ಏಜೆಂಟ್ ಟ್ರಾನ್ಸ್‌ಫರ್ ಮಾಡ್ಬೇಡಿ ಅಂತ ಯಾಕೆ ಅಂತಿದ್ದಾನೆ ಅರ್ಥ ಆಯ್ತಾ? ಎರಡು ಖಾತೆ ಸೇರಿದ ತಕ್ಷಣ 10 ದಾಟುತ್ತೆ, ಪೆನ್ಷನ್ ದುಡ್ಡು ತೆಗೆಯೋಕೆ 10ಸಿ ಫಾರ್ಮ್ ಹಾಕಿದ್ರೆ ರಿಜೆಕ್ಟು, ಅವನ ಕಮಿಷನ್ ಖೋತಾ. ಸೇರದೇ ಇದ್ರೆ ಒಂದು 5 ವರ್ಷದ್ದು ಒಂದು 4 ವರ್ಷದ್ದು ಅಂತ ಬೇರೆ ಬೇರೆ ತೋರಿಸಿ ತೆಗೆಸ್ಬಹುದು ಅನ್ನೋದು ಅವನ ಪ್ಲಾನ್ ಇರ್ಬೇಕು. ಅದೂ ಈಗ ಅವನು ಹೇಳಿದಷ್ಟು ಬೇಗ ಆಗೋ ಕೆಲಸ ಅಲ್ಲ, ಮೊದಲು ಕೆಲಸ ಬಿಟ್ಟು 2 ತಿಂಗಳಿಗೆ ಪೆನ್ಷನ್ ಭಾಗ ತೆಗೀಬಹುದಿತ್ತು, 2025 ಅಕ್ಟೋಬರಲ್ಲಿ ಪಿಎಫ್ ನೋಡ್ಕೊಳ್ಳೋ ಇಪಿಎಫ್‌ಒ ಸಂಸ್ಥೆಯ ಟ್ರಸ್ಟಿ ಮಂಡಳಿ ಅದನ್ನ 36 ತಿಂಗಳು ಮಾಡೋ ತೀರ್ಮಾನ ತಗೊಂಡಿದೆ.

ಆ ಝೀರೋ ಕಥೆ ಹೇಳ್ತೀನಿ, ಇದಕ್ಕೆ ಹೆದರಿ ದುಡ್ಡು ತೆಗೆಸಿದೋರು ಬೇಜಾನ್ ಜನ. ಪಿಎಫ್ ನಿಮ್ಮ ಹೆಸರಲ್ಲಿರೋ ಖಾತೆ, ಬಡ್ಡಿ ಸಮೇತ ಬ್ಯಾಲೆನ್ಸ್ ಇರುತ್ತೆ, ಟ್ರಾನ್ಸ್‌ಫರ್ ಆದ್ರೆ ದುಡ್ಡು ಆ ಕಡೆಯಿಂದ ಈ ಕಡೆ ಬರುತ್ತೆ. ಪೆನ್ಷನ್ ಹಂಗಲ್ಲ. ಅದು ದೇಶದ ಎಲ್ಲಾ ಸದಸ್ಯರದ್ದೂ ಸೇರಿ ಒಂದೇ ಹುಂಡಿ, ನಿಮ್ಮ ಹೆಸರಲ್ಲಿ ಬ್ಯಾಲೆನ್ಸ್ ಅಂತ ಇರಲ್ಲ, ಬಡ್ಡೀನೂ ಬರಲ್ಲ. ಪಾಸ್‌ಬುಕ್ಕಲ್ಲಿ ಕಾಣೋದು ಆ ಕಂಪ್ನಿ ಎಷ್ಟು ಕಂತು ಕಟ್ಟಿದೆ ಅನ್ನೋದು ಮಾತ್ರ. ಟ್ರಾನ್ಸ್‌ಫರ್ ಮಾಡಿದಾಗ ಬರೋದು ದುಡ್ಡಲ್ಲ, ಸರ್ವೀಸು, ಇಂಥಾ ತಾರೀಕಿಂದ ಇಂಥಾ ತಾರೀಕು ತನಕ ಕೆಲಸ ಮಾಡಿದ್ದಾರೆ ಅನ್ನೋ ದಾಖಲೆ. ಅದಕ್ಕೇ ಆ ಕಾಲಮ್ಮು 0. ಹೋಗಿದ್ದು ಏನೂ ಇಲ್ಲ.

ಎಷ್ಟು ಬರುತ್ತೆ ಅಂದ್ರೆ ಫಾರ್ಮುಲಾ ಸಿಂಪಲ್: ಕೊನೆಯ 60 ತಿಂಗಳ ಸರಾಸರಿ ಸಂಬಳ ಗುಣಿಸು ಸರ್ವೀಸ್ ವರ್ಷ ಭಾಗಿಸು 70. ಸಂಬಳ ಎಷ್ಟೇ ಇದ್ರೂ 15,000ಕ್ಕೆ ಮಿತಿ. ಅಮ್ಮನ ಸರಾಸರಿ 11,500 ಅಂತ ಇಟ್ಕೊಂಡ್ರೆ, ಇವತ್ತೇ ಬಿಟ್ಟರೂ 11,500 × 10 ÷ 70, ತಿಂಗಳಿಗೆ 1,643, 58 ಆದ್ಮೇಲಿಂದ ಬದುಕಿರೋ ತನಕ. 50 ಆದ್ಮೇಲೆ ಮುಂಚೆನೇ ತಗೋಬಹುದು ಆದ್ರೆ 58ಕ್ಕೆ ಎಷ್ಟು ವರ್ಷ ಕಮ್ಮಿನೋ ವರ್ಷಕ್ಕೆ 4 ಪರ್ಸೆಂಟ್ ಕಟ್, 51ಕ್ಕೇ ತಗೊಂಡ್ರೆ ಸಾವಿರದಿನ್ನೂರರ ಹತ್ರ ಬಂದು ನಿಲ್ಲುತ್ತೆ, ಬೇಡ. ಅದೇ 58 ತನಕ ಕೆಲಸ ಮಾಡಿದ್ರೆ 16 ವರ್ಷ 8 ತಿಂಗಳು, ಅಂದ್ರೆ 17, ಸರಾಸರಿ 14,000 ಹಿಡಿದ್ರೆ 3,400. ದೊಡ್ಡ ದುಡ್ಡಲ್ಲ ಒಪ್ಕೋತೀನಿ. ಆದ್ರೆ ಏಜೆಂಟಿನ ತೊಂಬತ್ತು ಸಾವಿರ, ಅವನ ಪಾಲು ಕಳೆದು ಎಂಬತ್ತೊಂದು, ಅದು 1,643ರ ಲೆಕ್ಕದಲ್ಲಿ ನಾಲ್ಕು ವರ್ಷ ಚಿಲ್ಲರೆಗೆ ಮುಗಿದುಹೋಗುತ್ತೆ. 62ಕ್ಕೇ ವಸೂಲು, ಆಮೇಲೆ ಬರೋದೆಲ್ಲಾ ಲಾಭ.

ಬಡ್ಡಿಲೆಕ್ಕ:

ಪುಟ್ಟ ಅವರು ಹೇಳಿದ್ದು ಈ ಕೇಸಿಗೆ ಸರಿ. ಆದ್ರೆ ಇದನ್ನ ಓದಿ 30 ವರ್ಷದ ಹುಡುಗ್ರು ಓಹೋ ಇಪಿಎಸ್ ಭಾರೀ ಲಾಭ ಅಂತ ಅನ್ಕೋಬೇಡಿ, ಅವರಿಗೆ ಲೆಕ್ಕ ಉಲ್ಟಾ.

32 ವರ್ಷದೋನು, ಸಂಬಳ 15,000 ಮಿತಿಯಲ್ಲಿದೆ, 9 ವರ್ಷ ಸರ್ವೀಸ್ ಅಂತ ಇಟ್ಕೊಳ್ಳಿ. ತಿಂಗಳಿಗೆ 1,250ರ ಹಾಗೆ 108 ತಿಂಗಳು, ಕಂಪ್ನಿ ಕಟ್ಟಿರೋದು 1,35,000. ತೆಗೆದ್ರೆ ಎಷ್ಟು ವರ್ಷಕ್ಕೆ ಎಷ್ಟು ವಾಪಸ್ ಅಂತ ಹೇಳೋ ಟೇಬಲ್ ಡಿ ಪ್ರಕಾರ ಸಿಗೋದು 1,40,000ದ ಹತ್ರ, ಅಂದ್ರೆ 9 ವರ್ಷ ದುಡ್ಡು ಇಟ್ಟಿದ್ದಕ್ಕೆ ಹತ್ತಿರ ಹತ್ತಿರ ಬಡ್ಡೀನೇ ಇಲ್ಲ, ಅದು ಒಂದು ಕಡೆ ಇರಲಿ. ಇದನ್ನೇ 8 ಪರ್ಸೆಂಟಲ್ಲಿ 58 ತನಕ ಇಟ್ಟರೆ 26 ವರ್ಷದಲ್ಲಿ 10 ಲಕ್ಷ ದಾಟುತ್ತೆ, ಆಗ ಬರೀ ಬಡ್ಡೀನೇ ತಿಂಗಳಿಗೆ 6,900, ಅಸಲು ಹಂಗೇ. ತೆಗೀದೇ 10 ವರ್ಷ ಮಾಡಿ ಬಿಟ್ಟಿದ್ರೆ? 15,000 × 10 ÷ 70, 2,143. ಇವತ್ತಿನ 2,143 ಅಲ್ಲ ಸ್ವಾಮಿ, 26 ವರ್ಷ ಆದ್ಮೇಲಿನ 2,143. ಅಷ್ಟೊತ್ತಿಗೆ ಅದರಲ್ಲಿ ಏನು ಬರುತ್ತೆ ನೀವೇ ಯೋಚ್ನೆ ಮಾಡಿ.

ಈ ಪೆನ್ಷನ್ನಿಗೆ ಡಿಎ ಇಲ್ಲ ಅನ್ನೋದೇ ಇದರ ದೊಡ್ಡ ರೋಗ. ಶುರುವಾದಾಗ ಎಷ್ಟೋ ಸಾಯೋ ತನಕ ಅಷ್ಟೇ. ಸರ್ಕಾರಿ ನೌಕರರ ಹಳೇ ಪೆನ್ಷನ್ನು ಕೊನೇ ಸಂಬಳದ ಅರ್ಧ ಪ್ಲಸ್ ಡಿಎ, 2025 ಏಪ್ರಿಲಿಂದ ಕೇಂದ್ರದೋರಿಗೆ ಬಂದಿರೋ ಯುಪಿಎಸ್ಸಲ್ಲೂ 25 ವರ್ಷ ಸರ್ವೀಸಿಗೆ ಕೊನೆ 12 ತಿಂಗಳ ಸರಾಸರಿ ಬೇಸಿಕ್‌ನ ಅರ್ಧ, 10 ವರ್ಷ ಮಾಡಿದೋರಿಗೂ ಕನಿಷ್ಠ 10,000. ಇಲ್ಲಿ 10 ವರ್ಷ ಹೊಲಿಗೆ ಮಿಷಿನ್ ತುಳಿದೋರಿಗೆ 1,643. ಅವರೂ 10 ವರ್ಷ ಇವರೂ 10 ವರ್ಷ.

ಪೇಸ್ಲಿಪ್ ಪುಟ್ಟ:

@ಬಡ್ಡಿಲೆಕ್ಕ ನಿಮ್ಮ ಗುಣಾಕಾರ ಸರಿ ಇದೆ, ನಾನೂ ಇಲ್ಲ ಅನ್ನಲ್ಲ. ಆದ್ರೆ ಆ 1.4 ಲಕ್ಷನ 26 ವರ್ಷ ಮುಟ್ಟದೇ ಇಡೋ 32 ವರ್ಷದ ಕಾರ್ಮಿಕನ್ನ ತೋರಿಸಿ. ನನ್ನ ಟೇಬಲ್ ಮೇಲೆ ಬರೋ 10ಸಿ ಎಲ್ಲಾ ಬೈಕು, ಆಸ್ಪತ್ರೆ, ಸ್ಕೂಲ್ ಫೀಸು, ಚೀಟಿ ಸಾಲ.

ಇನ್ನೊಂದು ನೀವು ಬಿಟ್ಟಿದ್ದು. ಇಪಿಎಸ್ಸಲ್ಲಿ ಒಂದೇ ಒಂದು ತಿಂಗಳ ಕಂತು ಬಿದ್ದಿದ್ರೂ ಕೆಲಸದಲ್ಲಿರುವಾಗ ತೀರಿಕೊಂಡ್ರೆ ಹೆಂಡ್ತಿಗೋ ಗಂಡಂಗೋ ಪೆನ್ಷನ್ ಶುರು, ಅದಕ್ಕೆ 10 ವರ್ಷ ಬೇಕಿಲ್ಲ. ಕನಿಷ್ಠ 1,000, ಜೊತೆಗೆ ಇಬ್ಬರು ಮಕ್ಕಳಿಗೆ 25 ವರ್ಷ ತುಂಬೋ ತನಕ ತಲಾ ಕಾಲು ಭಾಗ. ಚಿಕ್ಕ ವಯಸ್ಸಿನೋರಿಗೆ ಇದು ಇನ್ಷೂರೆನ್ಸ್ ಅಂತಾನೇ ನೋಡ್ಬೇಕು. ಕೆಲಸ ಬಿಟ್ಟಾಗ ದುಡ್ಡು ತೆಗೀದೇ ಸ್ಕೀಮ್ ಸರ್ಟಿಫಿಕೇಟ್ (ಇಷ್ಟು ಸರ್ವೀಸ್ ಆಗಿದೆ ಅನ್ನೋ ಪತ್ರ) ತಗೊಂಡ್ರೆ ಹಳೇ ಸರ್ವೀಸು ಕಳ್ದುಹೋಗಲ್ಲ, ಅದಕ್ಕೂ ಅದೇ 10ಸಿ ಫಾರ್ಮೇ, ಟಿಕ್ ಹಾಕೋ ಜಾಗ ಬೇರೆ ಅಷ್ಟೆ.

ಸಂಜೆವಾಕಿಂಗ್:

ನಾನು 1984ರಲ್ಲಿ ಸೇರಿ 2012ರಲ್ಲಿ ನಿವೃತ್ತನಾದವನು. ಸರ್ಕಾರಿ ಅಂತ ಹೆಸರಿದ್ದರೂ ನಮ್ಮದು ನಿಗಮ, ಹಾಗಾಗಿ ನಮಗೂ ಇದೇ ಇಪಿಎಸ್. ನನಗೆ ಬರುತ್ತಿರುವುದು ತಿಂಗಳಿಗೆ ಎರಡು ಸಾವಿರದ ಚಿಲ್ಲರೆ. ನಿವೃತ್ತಿಯಾದಾಗಲೂ ಅಷ್ಟೇ, ಇವತ್ತಿಗೂ ಅಷ್ಟೇ. ಸಕ್ಕರೆ ಕಾಯಿಲೆ ಮಾತ್ರೆಗೇ ಸಾಲಲ್ಲ.

ಯಾಕೆ ಅಷ್ಟು ಕಮ್ಮಿ ಅಂತ ಮಕ್ಕಳು ಕೇಳುತ್ತಾರೆ. ಯೋಜನೆ ಶುರುವಾಗಿದ್ದು 1995 ನವೆಂಬರ್ 16ಕ್ಕೆ, ಅದಕ್ಕಿಂತ ಮೊದಲು 1971ರ ಕುಟುಂಬ ಪಿಂಚಣಿ ಯೋಜನೆ ಅಂತ ಇತ್ತು, ಆ ಕಾಲದ ಸರ್ವೀಸಿಗೆ ಸೇರುವುದು ಬಿಡಿಗಾಸು. 95ರಿಂದೀಚೆಗೆ ಸಂಬಳದ ಮಿತಿ ಮೊದಲು 5,000, 2001ರಿಂದ 6,500. ನನ್ನ ಕೈಗೆ ನಿಜವಾಗಿ ಬರುತ್ತಿದ್ದ ಸಂಬಳ ಅದರ ಮೂರು ಪಟ್ಟು ಇದ್ದರೂ ಪಿಂಚಣಿ ಲೆಕ್ಕಕ್ಕೆ ಅದೇ 6,500. 2014 ಸೆಪ್ಟೆಂಬರ್ 1ಕ್ಕೆ 15,000 ಮಾಡಿದರು, ಅಷ್ಟರಲ್ಲಿ ನಾವು ಮನೆಗೆ ಬಂದಾಗಿತ್ತು. ಕನಿಷ್ಠ 1,000 ಅಂತ ಮಾಡಿದ್ದೂ ಅದೇ ದಿನ. ಆವತ್ತಿನಿಂದ ಆ ಸಾವಿರ ಸಾವಿರವಾಗೇ ಇದೆ. 7,500 ಮಾಡಿ, ಡಿಎ ಕೊಡಿ ಅಂತ ಪಿಂಚಣಿದಾರರು ದೆಹಲಿ ತನಕ ಹೋಗಿ ಕೂತು ಬಂದರು, ಮನವಿ ಪತ್ರ ತಗೊಳ್ಳೋರು ಬದಲಾದರು, ಮೊತ್ತ ಬದಲಾಗಲಿಲ್ಲ.

ಪೂರ್ತಿ ಸಂಬಳದ ಮೇಲೆ ಪಿಂಚಣಿ ಕೊಡಬೇಕು ಅಂತ ಕೋರ್ಟಿಗೆ ಹೋದವರ ಕೇಸು 2022 ನವೆಂಬರ್ 4ಕ್ಕೆ ಸುಪ್ರೀಂ ಕೋರ್ಟಲ್ಲಿ ತೀರ್ಮಾನವಾಯಿತು. ನಮ್ಮ ಬಳಗದವರೆಲ್ಲಾ ಆವತ್ತು ಟಿವಿ ಮುಂದೆ. 2014 ಸೆಪ್ಟೆಂಬರ್ 1ರಂದು ಕೆಲಸದಲ್ಲಿದ್ದವರಿಗೆ ಇನ್ನೊಂದು ಅವಕಾಶ ಸಿಕ್ಕಿತು. ಅದಕ್ಕಿಂತ ಮುಂಚೆ, ಪೂರ್ತಿ ಸಂಬಳದ ಮೇಲೆ ಪಿಂಚಣಿ ಬೇಕು ಅನ್ನುವ ಆಯ್ಕೆ ಪತ್ರ ಕೊಡದೇ ನಿವೃತ್ತರಾದವರಿಗೆ ಇಲ್ಲ ಎಂದರು. ಆ ಆಯ್ಕೆ ಪತ್ರ ಅಂತ ಒಂದಿದೆ ಅನ್ನುವುದನ್ನೇ ನಮಗೆ ಯಾರೂ ಹೇಳಿರಲಿಲ್ಲ. ಕಾನೂನು ಓದಿಕೊಂಡು ನಿವೃತ್ತನಾಗಬೇಕಿತ್ತು ಅಂತ ಕಾಣುತ್ತೆ.

ಇಷ್ಟೆಲ್ಲಾ ಬೈದರೂ ಆ ಹುಡುಗನಿಗೆ ನನ್ನ ಸಲಹೆ, ತಾಯಿ ಪಿಂಚಣಿ ಬಿಡಬಾರದು. ತಿಂಗಳ ಮೊದಲಲ್ಲಿ ನನ್ನ ಹೆಸರಿಗೆ ಅಂತ ಬ್ಯಾಂಕಿಂದ ಬರೋ ಆ ಮೆಸೇಜಿಗೆ ಬೇರೆ ಬೆಲೆ ಇದೆ, ಮಕ್ಕಳ ಮುಂದೆ ಕೈ ಚಾಚೋದು ಅಷ್ಟರಮಟ್ಟಿಗೆ ಕಮ್ಮಿ.

ಓವರ್‌ಲಾಕ್ ಅಕ್ಕ:

ನಾನೂ ಗಾರ್ಮೆಂಟ್ಸೇ, ಬೊಮ್ಮನಹಳ್ಳಿ ಕಡೆ. ಪುಟ್ಟಣ್ಣ ಹೇಳಿದ್ದೆಲ್ಲಾ ಸರಿ ಆದ್ರೆ ನಮ್ಮೋರು ಯಾಕೆ ಪದೇ ಪದೇ ತೆಗೀತಾರೆ ಅಂತ ಒಂದ್ಸಲ ಕೇಳಿಸ್ಕೊಳ್ಳಿ. ಬ್ಯಾಂಕಲ್ಲಿ ನಮಗೆ ಯಾರು ಸಾಲ ಕೊಡ್ತಾರೆ? ಮಗಳ ಕಾಲೇಜು ಸೀಟು ಅಂದ್ರೆ, ಮನೆ ಅಡ್ವಾನ್ಸು ಅಂದ್ರೆ ಇರೋದು ಅದೊಂದೇ ಗಂಟು. ಕೆಲಸದಲ್ಲಿದ್ರೆ ಪೂರ್ತಿ ಕೊಡಲ್ಲ, ಅದಕ್ಕೇ ಕೆಲಸ ಬಿಟ್ಟು ದುಡ್ಡು ತೆಗೆದು ಪಕ್ಕದ ಫ್ಯಾಕ್ಟ್ರಿಗೆ ಹೊಸಬಳ ಥರ ಸೇರೋದು. ಸೂಪರ್‌ವೈಸರಿಗೂ ಗೊತ್ತು, ಎಚ್‌ಆರಿಗೂ ಗೊತ್ತು. ಹಿಂಗೆ ಸೇರಿ ಬಿಟ್ಟು ಸೇರಿ ಬಿಟ್ಟು ಇಪ್ಪತ್ತು ವರ್ಷ ಮಿಷಿನ್ ಮುಂದೆ ಕೂತೋಳಿಗೆ ದಾಖಲೆಯಲ್ಲಿ ಮೂರು ವರ್ಷ ಸರ್ವೀಸು.

2016 ನೆನಪಿದ್ಯಾ ಯಾರಿಗಾದ್ರೂ? ಫೆಬ್ರವರಿಯಲ್ಲಿ ರೂಲ್ ತಂದ್ರು, ಕೆಲಸ ಬಿಟ್ಟರೂ ಕಂಪ್ನಿ ಪಾಲಿನ ಪಿಎಫ್ಫು 58 ಆಗೋ ತನಕ ಕೊಡಲ್ಲ ಅಂತ. ಏಪ್ರಿಲ್ 18, 19 ಎರಡು ದಿನ ನಾವು ಹೆಂಗಸ್ರು ರೋಡಿಗೆ ಬಂದ್ವಿ. ಯೂನಿಯನ್ನೋರು ಕರೆದಿದ್ದಲ್ಲ, ಲೀಡರ್ ಅಂತ ಯಾರೂ ಇಲ್ಲ, ಒಂದು ಫ್ಯಾಕ್ಟ್ರಿಯೋರು ಎದ್ದು ಬಂದಿದ್ದು ನೋಡಿ ಇನ್ನೊಂದು ಫ್ಯಾಕ್ಟ್ರಿ ಗೇಟು ಖಾಲಿ, ಹೊಸೂರು ರೋಡಲ್ಲಿ ಒಂದು ಗಾಡಿ ಮುಂದೆ ಹೋಗ್ಲಿಲ್ಲ. ಎರಡನೇ ದಿನ ಲಾಠಿ ಬಿತ್ತು, ಟಿಯರ್ ಗ್ಯಾಸ್ ಬಿಟ್ರು, ಬಸ್ಸಿಗೆ ಬೆಂಕಿ ಬಿತ್ತು, ಬೆಂಕಿ ಹಚ್ಚಿದ್ದು ನಮ್ಮೋರಲ್ಲ ಅಂತ ನಾನು ಈಗ್ಲೂ ಹೇಳ್ತೀನಿ. ಆವತ್ತೇ ಕೇಂದ್ರ ಕಾರ್ಮಿಕ ಮಂತ್ರಿ ರೂಲ್ ವಾಪಸ್ ಅಂದ್ರು. ದೆಹಲಿಯೋರು ಬೆಂಗಳೂರಿನ ಟೈಲರ್‌ಗಳ ಮಾತು ಕೇಳಿದ್ದು ಅದೊಂದ್ಸಲ.

ಅದಕ್ಕೇ ಈಗ 36 ತಿಂಗಳು ಕಾಯಿರಿ ಅಂದ್ರೆ ನಂಗೆ ಸಿಟ್ಟು ಬರುತ್ತೆ. ಪೆನ್ಷನ್ ಉಳೀಲಿ ಅಂತ ಮಾಡಿದ್ದಾರೆ ಸರಿ, ಆದ್ರೆ ಕೆಲಸ ಹೋದ ಮನೆಗೆ ಮೂರು ವರ್ಷ ಅಂದ್ರೆ ಏನು ಅಂತ ಮೀಟಿಂಗಲ್ಲಿ ಕೂತೋರಿಗೆ ಗೊತ್ತಾ? ಕಾಯೋಕೆ ಹೇಳೋ ಬದಲು ಆ ಸಾವಿರ ರೂಪಾಯಿನ ಜಾಸ್ತಿ ಮಾಡಿದ್ರೆ ನಾವೇ ಯಾರೂ ತೆಗೀತಿರ್ಲಿಲ್ಲ.

ನಿಮ್ಮಮ್ಮಂಗೆ ಹೇಳಿ ತಮ್ಮಾ, 51 ಆಗಿದೆ, 10 ಹತ್ರ ಬಂದಿದೆ, ಇಷ್ಟು ದೂರ ಬಂದು ಬಿಡ್ಬೇಡ ಅಂತ. ನಾನೂ ನಂದು ಈಗ ಮುಟ್ತಿಲ್ಲ.

ಬೀದಿದೀಪ:

ಎಲ್ರಿಗೂ ದೊಡ್ಡ ಥ್ಯಾಂಕ್ಸ್. ನಿನ್ನೆ ರಾತ್ರಿ ಅಮ್ಮಂಗೆ ಪೂರ್ತಿ ಓದಿ ಹೇಳ್ದೆ, ಓವರ್‌ಲಾಕ್ ಅಕ್ಕಂದು ಎರಡು ಸಲ ಓದಿಸಿದ್ರು, ಅಮ್ಮನೂ ಆವತ್ತು ರೋಡಲ್ಲಿದ್ರಂತೆ, ನಮಗೆ ಇವತ್ತಿನ ತನಕ ಹೇಳೇ ಇರ್ಲಿಲ್ಲ!! ರಿಸೈನ್ ಕ್ಯಾನ್ಸಲ್.

ಈಗ ಹೊಸ ತಲೆನೋವು. ಟ್ರಾನ್ಸ್‌ಫರ್ ಮಾಡೋಣ ಅಂತ ಕೂತ್ರೆ ಹಳೇ ಯುಎಎನ್ನಲ್ಲಿ ಕೆಲಸ ಬಿಟ್ಟ ತಾರೀಕೇ ಹಾಕಿಲ್ಲ, ಫ್ಯಾಕ್ಟ್ರಿನೇ ಇಲ್ಲ ಯಾರನ್ನ ಕೇಳೋದು. ಮೇಲಿಂದ ಆಧಾರಲ್ಲಿ ಇನಿಶಿಯಲ್ ಹೆಸರಿನ ಹಿಂದೆ ಇದೆ, ಹಳೇ ಪಿಎಫ್ಫಲ್ಲಿ ಮುಂದೆ ಇದೆ, ಹೊಸದರಲ್ಲಿ ಇನಿಶಿಯಲ್ಲೇ ಇಲ್ಲ. ಒಂದೇ ಹೆಂಗಸು ಮೂರು ಜನ ಆಗಿದ್ದಾರೆ.

ಇನ್ನೆರಡು ಡೌಟು. ಅಮ್ಮಂಗೆ ಏನಾದ್ರೂ ಆದ್ರೆ ಅಪ್ಪಂಗೆ ಬರುತ್ತಾ? ಅಪ್ಪ ಗಾರೆ ಕೆಲಸ, 56, ಅವರಿಗೆ ಯಾವ ಪಿಎಫ್ಫೂ ಇಲ್ಲ ಏನೂ ಇಲ್ಲ, ಅವರಿಗೆ ಏನಾದ್ರೂ ದಾರಿ ಇದ್ಯಾ? ಮತ್ತೆ ನಂದು, ಐಟಿ ಕಂಪ್ನಿ, ಪಾಸ್‌ಬುಕ್ಕಲ್ಲಿ ಪೆನ್ಷನ್ ಕಾಲಮ್ ಮೊದಲಿಂದ್ಲೂ ಖಾಲಿ, ಕಂಪ್ನಿ ಟೋಪಿ ಹಾಕ್ತಿದ್ಯಾ?

ಪೇಸ್ಲಿಪ್ ಪುಟ್ಟ:

ನಿಮ್ಮದು ಟೋಪಿ ಅಲ್ಲ. 2014 ಸೆಪ್ಟೆಂಬರ್ 1 ಆದ್ಮೇಲೆ ಮೊದಲ ಸಲ ಪಿಎಫ್ಫಿಗೆ ಸೇರಿದೋರಿಗೆ ಸಂಬಳ 15,000 ದಾಟಿದ್ರೆ ಇಪಿಎಸ್ಸೇ ಇಲ್ಲ. ಕಂಪ್ನಿಯ 12 ಪರ್ಸೆಂಟ್ ಪೂರ್ತಿ ನಿಮ್ಮ ಪಿಎಫ್ಫಿಗೇ ಹೋಗುತ್ತೆ. ಬಡ್ಡಿಲೆಕ್ಕ ಅವರಿಗೆ ಇದು ಖುಷಿ ಕೊಡೋ ವಿಷ್ಯ.

ಅಮ್ಮಂದು ಹೇಳ್ತೀನಿ. ಬಿಟ್ಟ ತಾರೀಕು ಕಂಪ್ನಿ ಹಾಕದೇ ಇದ್ರೆ ಕೊನೇ ಕಂತು ಬಿದ್ದು ಎರಡು ತಿಂಗಳು ಆದ್ಮೇಲೆ ಸದಸ್ಯರೇ ಪೋರ್ಟಲ್ಲಲ್ಲಿ ಮಾರ್ಕ್ ಎಕ್ಸಿಟ್ ಅಂತ ಹಾಕ್ಬಹುದು, ಆಧಾರ್ ಲಿಂಕ್ ಇರೋ ಮೊಬೈಲಿಗೆ ಒಟಿಪಿ ಬರುತ್ತೆ. ತಾರೀಕು ಹಾಕುವಾಗ ಹುಷಾರು, ಕೊನೇ ಕಂತು ಬಿದ್ದ ತಿಂಗಳದ್ದೇ ಹಾಕಿ, ಒಂದ್ಸಲ ಹಾಕಿದ್ರೆ ತಿದ್ದೋದು ನರಕ. ಆದ್ರೆ ಅದಕ್ಕಿಂತ ಮುಂಚೆ ಹೆಸರು ಸರಿ ಆಗ್ಬೇಕು. 2025 ಜನವರಿಯಲ್ಲಿ ಹೆಸರು, ಹುಟ್ಟಿದ ತಾರೀಕು ಕಂಪ್ನಿ ಕೇಳ್ದೇನೇ ನಾವೇ ಆನ್‌ಲೈನಲ್ಲಿ ತಿದ್ದೋ ಅವಕಾಶ ಕೊಟ್ಟರು, ಆದ್ರೆ ಅದು 2017 ಅಕ್ಟೋಬರ್ 1 ಆದ್ಮೇಲೆ ಆಧಾರ್ ಮೂಲಕ ಬಂದ ಯುಎಎನ್‌ಗಳಿಗೆ. ಅಮ್ಮನ ಹೊಸ ನಂಬರಿಗೆ ಅದು ನಡೆಯುತ್ತೆ, 2014ರದ್ದಕ್ಕೆ ನಡೆಯಲ್ಲ. ಹಳೇದಕ್ಕೆ ಜಾಯಿಂಟ್ ಡಿಕ್ಲರೇಷನ್ ಫಾರ್ಮೇ ಗತಿ, ಫ್ಯಾಕ್ಟ್ರಿ ಮುಚ್ಚಿರೋದ್ರಿಂದ ಮಾಲೀಕರ ಸಹಿ ಬದಲು ಗೆಜೆಟೆಡ್ ಆಫೀಸರ್ ಥರದೋರ ದೃಢೀಕರಣ ಹಾಕಿಸಿ ಪಿಎಫ್ ಆಫೀಸಿಗೆ ಕೈಯಲ್ಲೇ ಕೊಡಿ. ತಿಂಗಳ 27ಕ್ಕೆ ಜಿಲ್ಲೆಗಳಲ್ಲಿ ನಿಧಿ ಆಪ್ಕೆ ನಿಕಟ್ ಅಂತ ಕ್ಯಾಂಪ್ ಮಾಡ್ತಾರೆ, ಅವತ್ತು ಹೋದ್ರೆ ಆಫೀಸರ್ ಎದುರಿಗೇ ಸಿಗ್ತಾರೆ. ಹಳೇ ಫ್ಯಾಕ್ಟ್ರಿ ಐಡಿ ಕಾರ್ಡು, ಒಂದೆರಡು ಸಂಬಳದ ಚೀಟಿ, ಸಂಬಳ ಬೀಳ್ತಿದ್ದ ಬ್ಯಾಂಕ್ ಪಾಸ್‌ಬುಕ್ಕು ಏನಿದ್ಯೋ ಎಲ್ಲಾ ಹುಡುಕಿ ಇಟ್ಕೊಳ್ಳಿ.

ಅಪ್ಪಂಗೆ ಬರುತ್ತೆ, ಅಮ್ಮಂಗೆ ಪೆನ್ಷನ್ ಶುರುವಾದ್ಮೇಲಾದ್ರೆ ಅದರ ಅರ್ಧ, ಕನಿಷ್ಠ 1,000. ಆದ್ರೆ ಇದೂ ತಿಳ್ಕೊಂಡಿರಿ, ಅಪ್ಪನೂ ಹೋದ್ಮೇಲೆ, ನೀವು ಮಕ್ಕಳು 25 ದಾಟಿದ್ರೆ, ಅಲ್ಲಿಗೆ ಮುಗೀತು, ಉಳಿದ ಗಂಟು ಅಂತ ಕೈಗೆ ಬರಲ್ಲ. ಮೊದಲು ರಿಟರ್ನ್ ಆಫ್ ಕ್ಯಾಪಿಟಲ್ ಅಂತ ಒಂದಿತ್ತು, 2008ರಲ್ಲಿ ತೆಗೆದುಬಿಟ್ಟರು.

ಓವರ್‌ಲಾಕ್ ಅಕ್ಕ:

ಅಪ್ಪಂದು ನಾನು ಹೇಳ್ತೀನಿ, ನಮ್ಮೆಜಮಾನ್ರೂ ಸೆಂಟ್ರಿಂಗ್ ಕೆಲಸ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ಕಾರ್ಡ್ ಮಾಡಿಸಿ, ಮೊದಲು ಅದು. ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದಾರೆ ಅಂತ ಸರ್ಟಿಫಿಕೇಟ್ ಬೇಕು, 60 ಆಗೋದ್ರೊಳಗೆ ಹೆಸರು ಬರೆಸ್ಬೇಕು. ಮೂರು ವರ್ಷ ಸದಸ್ಯರಾಗಿ 60 ತುಂಬಿದ್ರೆ ಅಲ್ಲೂ ತಿಂಗಳ ಪೆನ್ಷನ್ ಇದೆ. 56 ಅಂತೀರಾ, ಟೈಮ್ ಕರೆಕ್ಟಾಗಿದೆ, ಇನ್ನೊಂದು ವರ್ಷ ತಳ್ಳಿದ್ರೆ ತೊಂದ್ರೆ. ರಿನ್ಯೂವಲ್ ಮರೀಬೇಡಿ, ಮಧ್ಯ ಬಿಟ್ಟುಹೋದ್ರೆ ಕಾರ್ಡ್ ಇದ್ದೂ ಇಲ್ಲದಂಗೆ. ಮೇಸ್ತ್ರಿಗಳು 90 ದಿನದ ಚೀಟಿಗೆ ಸಹಿ ಹಾಕೋಕೆ ಕುಂಯ್ ಕುಂಯ್ ಅಂತಾರೆ, ಬಿಡ್ಬೇಡಿ.

ಅಟಲ್ ಪೆನ್ಷನ್ನು, ಶ್ರಮಯೋಗಿ ಅವೆಲ್ಲಾ 40 ವರ್ಷದೊಳಗಿನೋರಿಗೆ, ಅಪ್ಪಂಗೆ ಆಗಲ್ಲ.

ಬಡ್ಡಿಲೆಕ್ಕ:

ಒಂದು ಮಾತು ಸೇರಿಸ್ತೀನಿ. ಅಮ್ಮ 58 ತನಕ ಕೆಲಸ ಮಾಡಿದ್ರೆ ಪೆನ್ಷನ್ ಅರ್ಜಿನ ಆವತ್ತೇ ಹಾಕ್ಲೇಬೇಕು ಅಂತಿಲ್ಲ, 60 ತನಕ ತಳ್ಳಿದ್ರೆ ವರ್ಷಕ್ಕೆ 4 ಪರ್ಸೆಂಟ್ ಜಾಸ್ತಿ. ಆದ್ರೆ 3,400ಕ್ಕೆ 4 ಪರ್ಸೆಂಟು ಅಂದ್ರೆ 136 ರೂಪಾಯಿ, ಅದಕ್ಕೋಸ್ಕರ ಒಂದು ವರ್ಷದ ನಲವತ್ತು ಸಾವಿರ ಬಿಡ್ಬೇಕು, ವಸೂಲಾಗೋಕೆ 25 ವರ್ಷ. ಬೇಡ, 58ಕ್ಕೇ ತಿಂಗಳ ಪೆನ್ಷನ್ ಕೇಳೋ 10ಡಿ ಫಾರ್ಮ್ ಹಾಕಿ ತಗೊಳ್ಳಿ.

ಪೇಸ್ಲಿಪ್ ಪುಟ್ಟ:

ಇದಕ್ಕೆ ನಂದೂ ಓಟು.

ಕೊನೇದಾಗಿ ಒಂದು ಚೆಕ್ ಮಾಡ್ಬೇಕು, ನಾನು ಮೇಲೆ ಕಾಗದದ ಮೇಲೆ 10 ಆಗಿದೆ ಅಂದಿದ್ದು ಅದಕ್ಕೇ. ಪೋರ್ಟಲ್ಲಲ್ಲಿ ಸರ್ವೀಸ್ ಹಿಸ್ಟರಿ ತೆಗೆದ್ರೆ ಪಕ್ಕದಲ್ಲಿ ಎನ್‌ಸಿಪಿ ದಿನ ಅಂತ ಇರುತ್ತೆ, ಸಂಬಳ ಇಲ್ಲದೇ ರಜಾ ಹಾಕಿದ ದಿನಗಳು. ಅದು ಸರ್ವೀಸಿಂದ ಕಳೆಯುತ್ತೆ. ಗಾರ್ಮೆಂಟ್ಸಲ್ಲಿ ಲಾಸ್ ಆಫ್ ಪೇ ಜಾಸ್ತಿ, ಹಬ್ಬಕ್ಕೆ ಊರಿಗೆ ಹೋಗಿದ್ದು, ಮೈ ಹುಷಾರಿಲ್ಲದ್ದು ಎಲ್ಲಾ ಸೇರಿ ಎರಡು ತಿಂಗಳು ಸುಲಭವಾಗಿ ಹೋಗುತ್ತೆ, ಆಗ 9 ವರ್ಷ 8 ತಿಂಗಳು 9 ವರ್ಷ ಆರರ ಅಂಚಿಗೆ ಬಂದು ನಿಲ್ಲುತ್ತೆ, ಒಂದು ವಾರ ಆ ಕಡೆ ಈ ಕಡೆ ಆದ್ರೂ 10 ಅಲ್ಲ 9. ಅದಕ್ಕೇ ಕಡಿಮೆ ಅಂದ್ರೂ ಇನ್ನೊಂದು ವರ್ಷ ಅಲ್ಲೇ ಇರ್ಲಿ. ಎರಡೂ ಯುಎಎನ್‌ದು ಆ ಪೇಜ್ ಸ್ಕ್ರೀನ್‌ಶಾಟ್ ಹಾಕಿ, ನಂಬರ್ ಮತ್ತೆ ಹೆಸರು ಅಳಿಸಿ ಹಾಕಿ, ಕೂಡಿ ಹೇಳ್ತೀನಿ.